ಪ್ರತಿ ರಾತ್ರಿಯ ಪ್ರಾರ್ಥನೆ

ಕೇಡು ಮಾಡಿದವನ ನೆನಪಾದೊಡನೆ ನಾಲಿಗೆಗೆ ಬರುವುದು ಶಾಪವೇ ಹೊರತು ಹರಕೆಯಲ್ಲ. ಕಾಂಪೌಂಡಿನ ಗೋಡೆಗಾಗಿ ನೆರೆಮನೆಯವರೊಡನೆ ಆಡಿದ ಜಗಳವನ್ನೇ ಹತ್ತು ವರ್ಷ ಮನಸ್ಸಿನಲ್ಲಿಟ್ಟು ಸಾಕುವವರು ನಾವು. ಹೆತ್ತ ಮಗಳನ್ನು ಕೊಂದವರಿಗಾಗಿ ದೇವರಲ್ಲಿ ಬೇಡಿಕೊಂಡೇವೆ? ಹಾಗೆ ಬೇಡಿಕೊಂಡ ತಂದೆಯೊಬ್ಬರ ಸಂಗತಿಯಿದು, ಕಟ್ಟುಕಥೆಯಲ್ಲ.

ಉತ್ತರ ಐರ್ಲೆಂಡಿನಲ್ಲಿ ಎನ್ನಿಸ್ಕಿಲ್ಲನ್ ಎಂಬ ಪಟ್ಟಣವಿದೆ. ಆ ನಾಡು ಬ್ರಿಟನ್ನಿನೊಡನೆ ಉಳಿಯಬೇಕೋ, ಐರ್ಲೆಂಡಿನೊಡನೆ ಕೂಡಬೇಕೋ ಎಂಬ ಕಲಹವು, ಒಬ್ಬನೇ ಕ್ರಿಸ್ತನ ಹೆಸರು ಹೇಳುವ ಪ್ರಾಟೆಸ್ಟೆಂಟರನ್ನೂ ಕ್ಯಾಥೊಲಿಕರನ್ನೂ ದಶಕಗಳ ಕಾಲ ಬೇರ್ಪಡಿಸಿತ್ತು. 1987ನೆಯ ನವೆಂಬರ್ 8, ಭಾನುವಾರ. ಯುದ್ಧಗಳಲ್ಲಿ ಮಡಿದವರಿಗೆ ಗೌರವ ಸಲ್ಲಿಸಲು ಜನರು ಸ್ಮಾರಕದ ಬಳಿ ನೆರೆದಿದ್ದರು. ಪಕ್ಕದ ಕಟ್ಟಡದಲ್ಲಿ ಐ.ಆರ್.ಎ. ಎಂಬ ಸಶಸ್ತ್ರ ಪಡೆಯವರು ಅಡಗಿಸಿಟ್ಟಿದ್ದ ಬಾಂಬು ಸಿಡಿಯಿತು. ಗೋಡೆಯು ಜನರ ಮೇಲೆ ಉರುಳಿತು. 11 ಮಂದಿ ಪ್ರಾಣ ಕಳೆದುಕೊಂಡರು. ಗಾಯಗೊಂಡ ಶಾಲಾ ಮುಖ್ಯೋಪಾಧ್ಯಾಯರೊಬ್ಬರು 13 ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು, 2000ನೆಯ ಇಸವಿಯಲ್ಲಿ ತೀರಿಕೊಂಡರು.

ಆ ಇಟ್ಟಿಗೆ ಮಣ್ಣಿನಡಿಯಲ್ಲಿ ಜವಳಿ ವ್ಯಾಪಾರಿ ಗಾರ್ಡನ್ ವಿಲ್ಸನ್ನರೂ, ದಾದಿಯ ಕೆಲಸ ಕಲಿಯುತ್ತಿದ್ದ ಅವರ 20 ವರ್ಷದ ಮಗಳು ಮೇರಿಯೂ ಸಿಕ್ಕಿಬಿದ್ದಿದ್ದರು. ಕತ್ತಲಲ್ಲಿ ಮಗಳ ಕೈ ತಂದೆಯ ಕೈಗೆ ಸಿಕ್ಕಿತು. ಕ್ಷೇಮವೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಕ್ಷೇಮವೆಂದೇ ಅವಳು ಉತ್ತರವಿತ್ತಳು. ಕೊನೆಗೆ, ಅಪ್ಪನ ಮೇಲೆ ತನಗೆ ಬಲು ಪ್ರೀತಿಯೆಂದಳು. ಅನಂತರ ಅವಳ ದನಿ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ಅವಳು ಅಸುನೀಗಿದಳು.

ಆ ಸಂಜೆಯೇ ವಿಲ್ಸನ್ನರು ಬಿ.ಬಿ.ಸಿ.ಯವರೊಡನೆ ಮಾತನಾಡಿದರು. ತಮಗೆ ಯಾರ ಮೇಲೂ ಹಗೆಯಿಲ್ಲ, ಬಿರುನುಡಿಗಳಿಂದ ಮಗಳು ಮರಳಿ ಬಾರಳು, ಆ ಜನರಿಗಾಗಿ ಈ ರಾತ್ರಿಯೂ ಮುಂದಿನ ಪ್ರತಿ ರಾತ್ರಿಯೂ ಪ್ರಾರ್ಥಿಸುವೆನು ಎಂದರು. ಕೇಳಿದವರ ಕಣ್ಣು ತೇವಗೊಂಡಿತು.

ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. 'ಕ್ಷಮಿಸಿದ್ದೇನೆ' ಎಂದು ಅವರು ಅಂದು ಹೇಳಲಿಲ್ಲ, 'ಪ್ರಾರ್ಥಿಸುವೆನು' ಎಂದರು. ಶಿಲುಬೆಯ ಮೇಲೆ ಯೇಸುಸ್ವಾಮಿಯೂ ಕೊಲ್ಲುತ್ತಿದ್ದವರ ಕಡೆ ತಿರುಗಿ ಮಾತನಾಡಲಿಲ್ಲ. ಅವರನ್ನು ಮನ್ನಿಸೆಂದು ತಂದೆಯನ್ನೇ ಬೇಡಿದನು. ಕ್ಷಮೆಯೆಂಬುದು ಒಂದು ಮಾತಿನಲ್ಲಿ ಮುಗಿದಂತೆ ತೋರಬಹುದು. ಪ್ರಾರ್ಥನೆ ಹಾಗಲ್ಲ. ನಿನ್ನೆ ಇಳಿಸಿದ ಹೊರೆ ಇಂದು ಮತ್ತೆ ಎದೆಯ ಮೇಲೇರಿರುತ್ತದೆ. ಇಂದು ಮತ್ತೆ ಮೊಣಕಾಲೂರಬೇಕು.

ಈ ಹಾದಿ ಸುಗಮವಾಗಿರಲಿಲ್ಲ. ತಪ್ಪಿತಸ್ಥರು ಪಶ್ಚಾತ್ತಾಪಪಡದೆ ಇಂಥ ಔದಾರ್ಯವೇಕೆ ಎಂದವರಿದ್ದರು. ಬಂಧುಗಳನ್ನು ಕಳೆದುಕೊಂಡವರ ಆ ಪ್ರಶ್ನೆಯನ್ನು ತಪ್ಪೆನ್ನಲು ನಾವಾರು? ಆ ಬಾಂಬಿಗಾಗಿ ಯಾರಿಗೂ ಇಂದಿನವರೆಗೆ ಶಿಕ್ಷೆಯಾಗಿಲ್ಲ. ವಿಲ್ಸನ್ನರೂ ಪ್ರಾರ್ಥಿಸಿ ಸುಮ್ಮನೆ ಕುಳಿತವರಲ್ಲ. 1993ರಲ್ಲಿ ಐ.ಆರ್.ಎ. ಪ್ರತಿನಿಧಿಗಳನ್ನು ತಾವಾಗಿ ಹೋಗಿ ಕಂಡು, ಹಿಂಸೆಯನ್ನು ನಿಲ್ಲಿಸಿರೆಂದು ಬೇಡಿದರು. ಬರಿಗೈಯಲ್ಲಿ ಹಿಂದಿರುಗಿದರು. 1994ರ ಆಗಸ್ಟಿನಲ್ಲಿ ಆ ಪಡೆಯವರು ಕದನವಿರಾಮ ಸಾರಿದುದನ್ನು ಮಾತ್ರ ಕಣ್ಣಾರೆ ಕಂಡರು. 1995ರಲ್ಲಿ ಅವರು ತೀರಿಕೊಂಡರು. 1998ರ ಶಾಂತಿ ಒಪ್ಪಂದವನ್ನು ಕಾಣಲು ಅವರಿರಲಿಲ್ಲ.

ಒಬ್ಬ ತಂದೆಯ ಪ್ರಾರ್ಥನೆಯಿಂದ ಆ ನಾಡಿಗೆ ಶಾಂತಿ ಬಂದಿತೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಬಾಂಬಿಟ್ಟವರು ಮಗಳನ್ನು ಕಿತ್ತುಕೊಂಡರೂ ತಂದೆಯ ಎದೆಯಲ್ಲಿ ದ್ವೇಷವನ್ನು ನೆಡಲಾರದೆ ಹೋದರು. ದೀಪವಾರಿಸಿ ಮಲಗುವ ಮುನ್ನ ನಾವೂ ಒಮ್ಮೆ, ನಮ್ಮನ್ನು ನೋಯಿಸಿದ ಒಬ್ಬರ ಹೆಸರನ್ನು ಶಾಪವಿಲ್ಲದೆ ಉಚ್ಚರಿಸಲು ಯತ್ನಿಸಿ ನೋಡೋಣ. ಅದೆಷ್ಟು ಕಷ್ಟವೆಂಬುದು ತಿಳಿದಾಗ, ಆ ಜವಳಿ ವ್ಯಾಪಾರಿ ಎಷ್ಟು ದೊಡ್ಡವರೆಂಬುದೂ ತಿಳಿದೀತು.