ಯಾರಿಗೂ ಬೇಡದವನ ವಕಾಲತ್ತು

ಕನ್ನಡ ಚಳವಳಿಯಲ್ಲಿ ಒಂದೇ ಒಂದು ಸಲ ಠಾಣೆಯ ಬೆಂಚಿನ ಮೇಲೆ ಕೂತವನಿಗೂ ಈ ಅನುಭವ ಇದ್ದೇ ಇರುತ್ತದೆ. ಮಧ್ಯಾಹ್ನ ಮೆರವಣಿಗೆಯಲ್ಲಿ ಜೊತೆಗೆ ಐನೂರು ಜನ. ಸಂಜೆ ವ್ಯಾನಿಗೆ ಹತ್ತಿಸುವಾಗ ಐವತ್ತು ಜನ. ರಾತ್ರಿ ಬೆಲ್ಟು, ಪರ್ಸು, ಚಪ್ಪಲಿ ಕಸಿದುಕೊಂಡು ಲಾಕಪ್ಪಿಗೆ ತಳ್ಳುವ ಹೊತ್ತಿಗೆ ಉಳಿದವರು ಐದೇ ಜನ! ಜೈಕಾರ ಹಾಕಿದವರು ಮನೆ ಸೇರಿ ಉಂಡು ಮಲಗಿರುತ್ತಾರೆ. ಭಾಷಣ ಬಿಗಿದ ನಾಯಕರ ಫೋನು ಬಂದ್ ಆಗಿರುತ್ತದೆ. ಆ ಹೊತ್ತಿನಲ್ಲಿ ಒಬ್ಬ ಬರುತ್ತಾನೆ. ಮಾಸಿದ ಕರಿಕೋಟು, ಕಂಕುಳಲ್ಲಿ ಫೈಲು, ಹಳೇ ಸ್ಕೂಟರು. ಯಾವ ಸೆಕ್ಷನ್ ಹಾಕಿದ್ದಾರೆ, ಹೊಡೆದರಾ, ಊಟ ಕೊಟ್ಟರಾ ಎಂದು ವಿಚಾರಿಸುತ್ತಾನೆ. ಮಾರನೇ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಜಾಮೀನು ಕೇಳುತ್ತಾನೆ. ಫೀಸು ಕೊಡಲು ಹೋದರೆ "ಇರಲಿ ಬಿಡ್ರಿ, ಆಮೇಲೆ ನೋಡೋಣ" ಎಂದು ಸ್ಕೂಟರು ಹತ್ತುತ್ತಾನೆ.

2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ನಾಮಫಲಕದ ಹೋರಾಟ ನಡೆದಾಗಲೂ ಹೀಗೇ ಆಯಿತು. ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲಿ ಎಂದು ಬೀದಿಗಿಳಿದ ಕಾರ್ಯಕರ್ತರು ಜೈಲು ಸೇರಿದರು. ಅಂದು ಫಲಕಕ್ಕೆ ಕೈ ಹಾಕಿದ್ದು ಸರಿಯೋ ತಪ್ಪೋ, ಅದನ್ನು ಕೋರ್ಟು ತೀರ್ಮಾನಿಸಲಿ. ಆದರೆ ಅವರ ಪರವಾಗಿ ನಿಲ್ಲಲು ವಕೀಲನೇ ಇರಬಾರದು ಎಂದು ಯಾರಾದರೂ ಅಂದಿದ್ದರೆ? ನಮ್ಮ ರಕ್ತ ಕುದಿಯುತ್ತಿತ್ತು. ಕುದಿಯಲೇಬೇಕಿತ್ತು.

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ನಿಮ್ಮನ್ನು ಬಿಡಿಸಿಕೊಂಡು ಬಂದ ಅದೇ ವಕೀಲ, ಮರುದಿನ ನಿಮಗೆ ಕಂಡರಾಗದ ಮನುಷ್ಯನ ಪರ ವಕಾಲತ್ತು ಹಾಕಿದರೆ ನೀವೇನು ಮಾಡುತ್ತೀರಿ? ಅವನ ಕೈ ಕುಲುಕುತ್ತೀರೋ, ಮುಖಕ್ಕೆ ಮಸಿ ಬಳಿಯುತ್ತೀರೋ?

ಇದು ಸುಮ್ಮನೆ ಹುಟ್ಟಿಸಿಕೊಂಡ ಪ್ರಶ್ನೆಯಲ್ಲ. 2020ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಒಬ್ಬ ಯುವತಿ ಕಾಶ್ಮೀರದ ಬಗ್ಗೆ ಬರೆದ ಫಲಕ ಹಿಡಿದಳು. ರಾಜದ್ರೋಹದ ಕೇಸು ಬಿತ್ತು. ಅವಳ ಪರ ಯಾರೂ ವಕಾಲತ್ತು ಹಾಕಕೂಡದು ಎಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಮರು ತಿಂಗಳೇ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಿಡಿಯೋಕ್ಕಾಗಿ ಅದೇ ಆರೋಪದ ಮೇಲೆ ಬಂಧಿತರಾದರು. ಅಲ್ಲಿನ ಸಂಘವೂ ಅಂಥದ್ದೇ ನಿರ್ಣಯ ಪಾಸು ಮಾಡಿತು. ಕೇಸು ಇನ್ನೂ ಶುರುವಾಗಿಲ್ಲ, ಸಾಕ್ಷಿ ಕಟಕಟೆ ಹತ್ತಿಲ್ಲ, ಅಷ್ಟರಲ್ಲಿ ಕರಿಕೋಟಿನವರೇ ತೀರ್ಪು ಬರೆದುಬಿಟ್ಟರು!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದು ನಮ್ಮ ಪುಣ್ಯ. ಮೈಸೂರಿನ ಯುವತಿಗಾಗಿ ಬೆಂಗಳೂರಿನಿಂದ, ಬೇರೆ ಬೇರೆ ಊರುಗಳಿಂದ ನೂರಕ್ಕೂ ಹೆಚ್ಚು ವಕೀಲರು ವಕಾಲತ್ತಿಗೆ ಸಹಿ ಹಾಕಿದರು. ಆಕೆಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಹುಬ್ಬಳ್ಳಿಯ ನಿರ್ಣಯದ ವಿರುದ್ಧ ವಕೀಲರೇ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಇಂಥ ನಿರ್ಣಯ ವೃತ್ತಿಧರ್ಮಕ್ಕೆ ವಿರುದ್ಧ ಎಂದು ಹೈಕೋರ್ಟು ಕಟುವಾಗಿ ಹೇಳಿತು. ಬೆಂಗಳೂರಿನಿಂದ ಹೊರಟ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಹೋಗಿ ಜಾಮೀನು ಅರ್ಜಿ ಹಾಕಬೇಕಾಯಿತು. ಅಲ್ಲೂ ಅವರಿಗೆ ಕೂಗಾಟ, ತಡೆ ತಪ್ಪಲಿಲ್ಲ. ಒಂದು ಜಾಮೀನು ಅರ್ಜಿಗೆ ಪೊಲೀಸ್ ಕಾವಲು! ನಮ್ಮ ನಾಡಿನಲ್ಲಿ!

ಆ ವಿದ್ಯಾರ್ಥಿಗಳು ಹೇಳಿದ್ದು ಸರಿ ಎಂದು ಈ ವಕೀಲರು ಹೇಳಲಿಲ್ಲ. ಕಾನೂನು ಹೇಳಿದ್ದನ್ನು ಹೇಳಿದರು. ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನಿಂದ ವಾದ ಮಾಡಿಸಿಕೊಳ್ಳುವ ಹಕ್ಕು ಕೊಟ್ಟಿದೆ. "ಒಳ್ಳೆಯವನಾಗಿದ್ದರೆ ಮಾತ್ರ" ಎಂದು ಅಲ್ಲಿ ಬರೆದಿಲ್ಲ. ಕೊಯಮತ್ತೂರಿನ ವಕೀಲರ ಸಂಘ ಇಂಥದ್ದೇ ಬಹಿಷ್ಕಾರದ ನಿರ್ಣಯ ಮಾಡಿದ್ದಾಗ 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ದೇಶದ ಯಾವ ವಕೀಲರ ಸಂಘ ಮಾಡಿದರೂ ಇಂಥ ನಿರ್ಣಯ ಅಸಿಂಧು ಎಂದಿತು. ಹತ್ತು ವರ್ಷದ ನಂತರವೂ ನಮ್ಮಲ್ಲಿ ಅದೇ ಪಾಠವನ್ನು ಮತ್ತೆ ಹೇಳಿಕೊಡಬೇಕಾಯಿತು.

ಹೊಟ್ಟೆಪಾಡಿಗೆ ವಕೀಲಿಕೆ, ಎದೆಯೊಳಗೆ ಮನುಷ್ಯನ ಹಕ್ಕು. ಈ ಎರಡನ್ನೂ ಒಟ್ಟಿಗೆ ಹೊತ್ತವರ ಪರಂಪರೆ ಇವತ್ತಿನದಲ್ಲ. 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಕೆಂಪುಕೋಟೆಯಲ್ಲಿ ನಡೆದಾಗ, ಬ್ರಿಟಿಷರ ಕಣ್ಣಿಗೆ ಅವರು ರಾಜದ್ರೋಹಿಗಳು. ಭೂಲಾಭಾಯಿ ದೇಸಾಯಿ ಅವರ ಪರ ವಾದಿಸಿದರು. ನೆಹರೂ ಎಂದೋ ಬಿಚ್ಚಿಟ್ಟಿದ್ದ ಕರಿಕೋಟನ್ನು ಮತ್ತೆ ತೊಟ್ಟು ಬಂದರು.

ನಮ್ಮ ಬೆಂಗಳೂರಿನದೇ ಕಥೆ ಕೇಳಿ. 1975ರ ಜೂನ್ 26, ತುರ್ತುಪರಿಸ್ಥಿತಿಯ ಮೊದಲ ಬೆಳಗು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಪೊಲೀಸರು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ನೀವು ಇವತ್ತು ಧರಣಿ ಕೂರುವ ಫ್ರೀಡಂ ಪಾರ್ಕೇ ಆ ಜೈಲು. ಅವರಿಗಾಗಿ ಹೈಕೋರ್ಟಿನಲ್ಲಿ ನಿಂತವರಲ್ಲಿ ಶಿವಮೊಗ್ಗ ಜಿಲ್ಲೆಯಿಂದ ಬಂದ ವಕೀಲ ಎಂ. ರಾಮಾ ಜೋಯಿಸ್ ಒಬ್ಬರು. ಕೊನೆಗೆ ಅವರೂ ಜೈಲು ಕಂಡರು. ಇಂಥ ಅರ್ಜಿಯನ್ನು ಕೇಳುವ ಅಧಿಕಾರ ನಮಗಿದೆ ಎಂದ ಒಂಬತ್ತು ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಅದನ್ನೆಲ್ಲ ತಲೆಕೆಳಗು ಮಾಡಿತು. ಐವರಲ್ಲಿ ಒಬ್ಬರೇ, ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಆ ತೀರ್ಪು ಪೂರ್ತಿ ಅಳಿದದ್ದು 2017ರಲ್ಲಿ. ಯಾರ ಕೇಸಿನಲ್ಲಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಇಳಿವಯಸ್ಸಿನಲ್ಲಿ ಹಾಕಿದ ಕೇಸಿನಲ್ಲಿ! ನಲವತ್ತೊಂದು ವರ್ಷ ಬೇಕಾಯಿತು. ಆದರೆ ಅಂದು ಯಾರೂ ಅರ್ಜಿಯನ್ನೇ ಹಾಕದಿದ್ದರೆ, ಖನ್ನಾ ಅವರು ಭಿನ್ನಮತ ಬರೆಯುವುದಾದರೂ ಯಾವ ಕೇಸಿನಲ್ಲಿ?

ಅದೇ ಕಾಲದಲ್ಲಿ ಪಕ್ಕದ ಹೈದರಾಬಾದಿನಲ್ಲಿ ಕೆ.ಜಿ. ಕಣ್ಣಬಿರಾನ್ ಎಂಬ ವಕೀಲರು ಇದೇ ಕೆಲಸ ಮಾಡುತ್ತಿದ್ದರು. ಅವರ ಕಕ್ಷಿದಾರರಲ್ಲಿ ನಕ್ಸಲೀಯರೆಂಬ ಹಣೆಪಟ್ಟಿ ಹಚ್ಚಿಸಿಕೊಂಡವರಿದ್ದರು. ಭೂಮಯ್ಯ, ಕಿಷ್ಟಗೌಡ ಎಂಬ ಇಬ್ಬರು ರೈತರನ್ನು ನೇಣಿನಿಂದ ಉಳಿಸಲು ಅವರು ಹೋರಾಡಿದರು. ಉಳಿಸಲಾಗಲಿಲ್ಲ. 1975ರ ಡಿಸೆಂಬರ್ 1ರಂದು ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಕಣ್ಣಬಿರಾನ್ ಕೋಟು ಬಿಚ್ಚಿಡಲಿಲ್ಲ. 2010ರಲ್ಲಿ ತೀರಿಕೊಳ್ಳುವ ತನಕ ಹಕ್ಕಿನ ಮಾತು ಆಡುತ್ತಲೇ ಇದ್ದರು. ಗಮನಿಸಿ: ರಾಮಾ ಜೋಯಿಸ್ ರಾಜಕೀಯದ ಒಂದು ದಂಡೆ, ಕಣ್ಣಬಿರಾನ್ ಇನ್ನೊಂದು ದಂಡೆ. ಆ ಕರಾಳ ದಿನಗಳಲ್ಲಿ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಈ ಮನುಷ್ಯನನ್ನು ಯಾವ ಕಾನೂನಿನ ಕೆಳಗೆ ಕೂಡಿಹಾಕಿದ್ದೀರಿ, ತೋರಿಸಿ.

ಅದೇ ತೆಲುಗು ನಾಡಿನ ಕೆ. ಬಾಲಗೋಪಾಲ್ ಕಾಕತೀಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು. ಕೆಲಸ ಬಿಟ್ಟು, ಪೊಲೀಸ್ ಎನ್‌ಕೌಂಟರ್ ನಡೆದ ಹಳ್ಳಿಗಳಿಗೆ ಹೋಗಿ ಸತ್ಯ ಬರೆದರು. ಆಮೇಲೆ ಕಾನೂನು ಓದಿ ವಕೀಲರಾದರು. ನಕ್ಸಲೀಯರು ಕೊಂದಾಗ ಅದನ್ನೂ ತಪ್ಪು ಎಂದರು. ಹಾಗೆಂದಿದ್ದಕ್ಕೆ ಹಳೆಯ ಸಂಗಾತಿಗಳೇ ದೂರವಾದರು. ಹಕ್ಕಿನ ವಕೀಲ ಯಾರ ಬಾಲಬಡುಕನೂ ಆಗಲಾರ ಎಂಬುದಕ್ಕೆ 2009ರಲ್ಲಿ ಗತಿಸಿದ ಈ ಮನುಷ್ಯನಿಗಿಂತ ಬೇರೆ ಉದಾಹರಣೆ ಬೇಡ.

ಬೆಲೆ ತೆತ್ತವರೂ ಇದ್ದಾರೆ. ಮುಂಬೈನ ಶಾಹಿದ್ ಆಜ್ಮಿ ಹುಡುಗನಾಗಿದ್ದಾಗಲೇ ಭಯೋತ್ಪಾದನೆಯ ಕಾನೂನಿನಡಿ ಜೈಲು ಸೇರಿ, ವರ್ಷಗಟ್ಟಲೆ ಅಲ್ಲಿದ್ದು, ಅಲ್ಲೇ ಓದು ಮುಂದುವರಿಸಿ, ಹೊರಬಂದು ವಕೀಲರಾದರು. 26/11ರ ದಾಳಿಯ ಕೇಸಿನಲ್ಲಿ ಒಬ್ಬ ಭಾರತೀಯ ಆರೋಪಿಯ ಪರ ನಿಂತರು. 2010ರ ಫೆಬ್ರವರಿ 11ರಂದು ಕುರ್ಲಾದ ಅವರ ಕಚೇರಿಗೇ ನುಗ್ಗಿ ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತೆರಡು. ಮೂರು ತಿಂಗಳೊಳಗೆ ಅವರ ಆ ಕಕ್ಷಿದಾರ ಖುಲಾಸೆಯಾದ. ಸುಪ್ರೀಂ ಕೋರ್ಟು 2012ರಲ್ಲಿ ಅದನ್ನು ಎತ್ತಿಹಿಡಿಯಿತು. ಯೋಚಿಸಿ, ದೇಶವಿಡೀ ಕುದಿಯುತ್ತಿದ್ದ ಆ ಹೊತ್ತಿನಲ್ಲಿ "ಇವನ ಪರ ಯಾರೂ ನಿಲ್ಲಕೂಡದು" ಎಂಬ ಕೂಗಿಗೆ ಆಜ್ಮಿ ಹೆದರಿದ್ದರೆ?

ಎಲ್ಲರೂ ಹುತಾತ್ಮರಾಗಬೇಕಿಲ್ಲ. ಈ ಕೆಲಸದ ಬಹುಪಾಲು ಬೇಸರದ, ಬೆವರಿನ ಕೆಲಸ. ದೃಢೀಕೃತ ನಕಲಿಗೆ ಅರ್ಜಿ ಹಾಕುವುದು, ಶ್ಯೂರಿಟಿ ಕೊಡುವವರನ್ನು ಹುಡುಕುವುದು, ವಾಯಿದೆಯ ಮೇಲೆ ವಾಯಿದೆಗೆ ಹಾಜರಾಗುವುದು. 1979ರಲ್ಲಿ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಪತ್ರಿಕೆಯಲ್ಲಿ ಬಂದ ವರದಿ ಓದಿ, ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಬೇಗ ವಿಚಾರಣೆ ನಡೆಯಬೇಕು, ಬಡವನಿಗೆ ಪುಕ್ಕಟೆ ವಕೀಲ ಸಿಗಬೇಕು ಎಂಬುದು ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಒಪ್ಪಿದ್ದು ಆ ಕೇಸಿನಲ್ಲಿ. ಆದರೂ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತಪ್ಪು ಸಾಬೀತಾಗದ ವಿಚಾರಣಾಧೀನರೇ. ಅವರಲ್ಲಿ ಶ್ರೀಮಂತರು ಎಷ್ಟು ಮಂದಿ ಇದ್ದಾರು? ನೀವೇ ಊಹಿಸಿ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಬರುತ್ತದೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಭಾಷೆ ಕನ್ನಡ. ಹೈಕೋರ್ಟಿಗೆ ಹೋದರೆ 348ನೇ ವಿಧಿಯ ಪ್ರಕಾರ ಇಂಗ್ಲಿಷು. ರಾಜ್ಯಪಾಲರು ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯದ ಭಾಷೆಗೆ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಿಗೆ ಹಿಂದಿ ಹೀಗೇ ಬಂತು. ಕನ್ನಡ, ತಮಿಳು, ಗುಜರಾತಿ, ಬಂಗಾಳಿ ಭಾಷೆಗಳ ಬೇಡಿಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಪೂರ್ಣ ಸಭೆ ಒಪ್ಪಲಿಲ್ಲ. ಹಿಂದಿಗೊಂದು ನ್ಯಾಯ, ಕನ್ನಡಕ್ಕೊಂದು ನ್ಯಾಯ! ಜೀವಾವಧಿ ಶಿಕ್ಷೆಯಾದ ರೈತನ ಮೇಲ್ಮನವಿಯ ವಾದ ಅವನಿಗೆ ಅರ್ಥವಾಗದ ಮಾತಿನಲ್ಲೇ ಮುಗಿಯುತ್ತದೆ. "ನನ್ನ ಕೇಸು ಏನಾಯ್ತು ಸ್ವಾಮಿ?" ಎಂದು ಅವನ ಹೆಂಡತಿ ಕೇಳಿದಾಗ, ಕೂರಿಸಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳುವ ವಕೀಲ ಇದ್ದರೆ ಅದೇ ಅವಳ ಪಾಲಿನ ಹೈಕೋರ್ಟು. ಹೈಕೋರ್ಟಿನಲ್ಲಿ ಕನ್ನಡ ಬೇಕು ಎಂಬ ನಮ್ಮ ಕೂಗಿನ ಹಿಂದೆ ಇರುವುದು ಈ ಹೆಣ್ಣುಮಗಳು.

ಹಾಗಾದರೆ ಇನ್ನೊಂದು ಮಾತನ್ನೂ ನುಂಗಿಕೊಳ್ಳದೆ ಹೇಳಬೇಕು. ಬೆಂಗಳೂರಿನ ಕೋರ್ಟಿನಲ್ಲಿ ಕನ್ನಡ ಬಾರದ ತಮಿಳು, ಒಡಿಯಾ, ಬಂಗಾಳಿ ಕೂಲಿಯವನು ಆರೋಪಿಯಾಗಿ ನಿಂತಾಗ ಅವನ ಸ್ಥಿತಿಯೂ ಇದೇ. ತಿಳಿಯದ ಭಾಷೆಯ ಸಾಕ್ಷ್ಯವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಅವನಿಗೆ ಅದು ಸಿಗಲಿ ಎಂದು ಕೇಳುವ ವಕೀಲ ಕನ್ನಡದ ಶತ್ರುವಲ್ಲ. ತನ್ನ ಭಾಷೆಯಲ್ಲಿ ನ್ಯಾಯ ಕೇಳುವ ಹಕ್ಕು ಎಲ್ಲರದೂ ಆದರೆ ಮಾತ್ರ ನಮ್ಮದೂ ಗಟ್ಟಿ. ನಾಳೆ ಮುಂಬೈಯಲ್ಲೋ ಚೆನ್ನೈಯಲ್ಲೋ ಕನ್ನಡದ ಹುಡುಗನೊಬ್ಬ ಕಟಕಟೆ ಹತ್ತಿದರೆ, ಅವನನ್ನು ಕಾಯುವುದೂ ಇದೇ ನಿಯಮ.

ಕಾನೂನು ಓದುತ್ತಿರುವ ಗೆಳೆಯರೇ, ಕಂಪನಿಗಳ ಎಸಿ ಕೋಣೆಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಸಾಲ ತೀರಬೇಕು, ಮನೆ ನಡೆಯಬೇಕು. ಕಣ್ಣಬಿರಾನರೂ ಆಜ್ಮಿಯೂ ಸನ್ಯಾಸಿಗಳಾಗಿರಲಿಲ್ಲ, ವೃತ್ತಿಯವರು. ವಾರದಲ್ಲಿ ಐದು ದಿನ ಆಸ್ತಿ ವ್ಯಾಜ್ಯ, ಚೆಕ್ ಬೌನ್ಸ್ ಕೇಸು ನಡೆಸಿ. ಒಂದು ದಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಗೆ ಕೊಡಿ. ವರ್ಷಕ್ಕೆ ಎರಡು ಕೇಸು, ಯಾರೂ ಮುಟ್ಟದ ಎರಡು ಕೇಸು, ಕೈಗೆತ್ತಿಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲಿ ಬರೆಯುವುದನ್ನು ಕಲಿಯಿರಿ.

ಕಾನೂನು ಓದದ ಗೆಳೆಯರೇ, ನಿಮ್ಮ ಕೆಲಸ ಇನ್ನೂ ಕಷ್ಟದ್ದು. ನಿಮ್ಮ ಊರಿನ ವಕೀಲನೊಬ್ಬ ಯಾರಿಗೂ ಬೇಡದವನ ವಕಾಲತ್ತು ಹಾಕಿದ ದಿನ, ಅವನ ಮನೆಯ ಮುಂದೆ ಗುಂಪು ಸೇರಿಸಬೇಡಿ. ಸೇರಿದ ಗುಂಪಿನಲ್ಲಿ ನೀವಿದ್ದರೆ ಹೊರಗೆ ಬನ್ನಿ. ಧೈರ್ಯವಿದ್ದರೆ ಅವನ ಬಾಗಿಲ ಬಳಿ ನಿಲ್ಲಿ.

ಯಾಕೆಂದರೆ ಇವತ್ತು ಅವನನ್ನು ಓಡಿಸಿದರೆ, ನಾಳೆ ರಾತ್ರಿ ಹತ್ತು ಗಂಟೆಗೆ ನಾವು ಬೆಲ್ಟು, ಪರ್ಸು ಕೊಟ್ಟು ಠಾಣೆಯ ಬೆಂಚಿನ ಮೇಲೆ ಕೂತಿರುವಾಗ, ಹೊರಗೆ ಆ ಹಳೇ ಸ್ಕೂಟರಿನ ಸದ್ದು ಕೇಳಿಸುವುದಿಲ್ಲ.