ಗೂಡ್ಸ್ ಗಾಡಿಯ ಬಾಲ

ಹಬ್ಬಕ್ಕೆ ಊರಿಗೆ ಹೊರಟ ರೈಲು ಯಾವುದೋ ಸಿಗ್ನಲ್ ಬಳಿ ಮುಕ್ಕಾಲು ಗಂಟೆ ನಿಂತರೆ, ಮುಂದಿರುವ ಗೂಡ್ಸ್ ಗಾಡಿಗೆ ಬೈಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಪುಣೆಯ ಬಾಡಿಗೆ ಮನೆಯಲ್ಲಿ ರಾತ್ರಿ ಹೊತ್ತು ‘ಸಿಮ್‌ಸಿಗ್’ ಆಡಲು ಶುರು ಮಾಡಿದ ಮೇಲೆ ಬೈಗುಳದ ದಿಕ್ಕು ಬದಲಾಗಿದೆ.

ಬ್ರಿಟನ್ನಿನ ರೈಲು ಸಿಗ್ನಲ್ ಕೇಂದ್ರಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿಸುವ ತಂತ್ರಾಂಶ ಅದು. ಹಾಕಿದ ಮಾರ್ಗ ಬಿಳಿ ಗೆರೆ, ಗಾಡಿ ಇರುವ ಹಳಿ ಕೆಂಪು. ಗಾಡಿ ಸಂಖ್ಯೆಯ ಮೊದಲ ಅಂಕಿ 1 ಆದರೆ ಎಕ್ಸ್‌ಪ್ರೆಸ್; 6 ಆದರೆ ಗಂಟೆಗೆ 60 ಮೈಲಿ ಮೀರದ ಗೂಡ್ಸ್. ಮೊನ್ನೆ, ಹಿಂದೆ ಬರುತ್ತಿದ್ದ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲೆಂದು ಅಂಥದ್ದೊಂದು ಗೂಡ್ಸನ್ನು ಅವಸರದಲ್ಲಿ ಯಾರ್ಡಿಗೆ ತಿರುಗಿಸಿದೆ. ಒಳಗಿನ ಹಳಿ ಗಾಡಿಗಿಂತ ಗಿಡ್ಡ. ಯಾರ್ಡ್ ತುಂಬಿದ್ದರಿಂದ ಮುಂದೆ ಸರಿಯುವಂತೆಯೂ ಇಲ್ಲ. ಎಂಜಿನ್ ಒಳಗೆ, ಬಾಲ ಮುಖ್ಯ ಮಾರ್ಗದ ಮೇಲೆ. ಬಾಲ ದಾಟದೆ ಪಾಯಿಂಟ್ ತಿರುಗದು. ಎಕ್ಸ್‌ಪ್ರೆಸ್ ನಿಂತಿತು, ಅದರ ಹಿಂದಿನದೂ ನಿಂತಿತು. ತಪ್ಪು ಗೂಡ್ಸಿನದಲ್ಲ, ಜಾಗವಿದೆಯೇ ಎಂದು ನೋಡದೆ ಕರೆದ ನನ್ನದು. ಹಿಂದಿನ ಲೂಪಿನಲ್ಲೇ ಹತ್ತು ನಿಮಿಷ ತಡೆದಿದ್ದರೆ ಸಾಕಿತ್ತು.

ಹೊರನಾಡಿನ ನಾವು ಊರಿಗೆ ಹೊಸ ರೈಲು ಬೇಕೆಂದು ಮನವಿ ಮೇಲೆ ಮನವಿ ಕೊಡುತ್ತೇವೆ. ಲೂಪ್ ಉದ್ದ ಮಾಡಿ, ಯಾರ್ಡಿಗೆ ಇನ್ನೊಂದು ಹಳಿ ಹಾಕಿ ಎಂದು ಕೇಳಿದ್ದು ನನಗೆ ನೆನಪಿಲ್ಲ. ದಾದ್ರಿಯಿಂದ ಜವಾಹರಲಾಲ್ ನೆಹರು ಬಂದರಿಗೆ 1,506 ಕಿ.ಮೀ. ಸರಕು ಕಾರಿಡಾರ್ ರೂಪಿಸಿದ್ದು 1,500 ಮೀಟರ್ ಉದ್ದದ ಗಾಡಿಗಳಿಗೆ. ಆ ಯೋಚನೆ ನಮ್ಮ ಮಾಮೂಲಿ ಮಾರ್ಗಗಳಿಗೂ ಬೇಡವೇ?

ಮುಂದಿನ ಮನವಿಯಲ್ಲಿ ಇದನ್ನೂ ಸೇರಿಸೋಣ ಎಂದು ಕನ್ನಡ ಸಂಘದಲ್ಲಿ ಹೇಳಿದ್ದೇನೆ. ಸದ್ಯಕ್ಕೆ ಸಹಿ ನನ್ನದೊಂದೇ.