ಪೊರಕೆಗೆ ಯಾಕೆ ಕುಂಕುಮ ಇಲ್ಲ?

ಪೋಸ್ಟ್ ಉದ್ದ ಆಗಿದೆ. ಹಬ್ಬದ ಕೆಲಸ ಮುಗಿಸಿಕೊಂಡಾದರೂ ಸರಿ, ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊನ್ನೆ ನಮ್ಮ ಆಫೀಸಿನಲ್ಲಿ ಆಯುಧಪೂಜೆಯ ಚಂದಾ ಪಟ್ಟಿ ಬಂತು. ಪ್ರತಿ ವರ್ಷ ಬರುತ್ತೆ. ಗುಮಾಸ್ತರಿಗೆ 500, ಡಿ ಗ್ರೂಪಿನವರಿಗೆ 200. ಪಟ್ಟಿಯ ಕೊನೆಯಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಹೆಸರು ಸೇರಿಸಿದ್ದರು. ನಮ್ಮ ಕಚೇರಿ ಗುಡಿಸುವ ಅಕ್ಕನ ಹೆಸರು. ಆಕೆ ಹೊರಗುತ್ತಿಗೆ. ಎರಡು ತಿಂಗಳಿಂದ ಸಂಬಳ ಆಗಿಲ್ಲ. ಆಕೆಯ ಹೆಸರಿನ ಮುಂದೆಯೂ 200.

ನಾನು ನನ್ನ ಹೆಸರಿನ ಮುಂದೆ 'ಕೊಡುವುದಿಲ್ಲ' ಅಂತ ಬರೆದು ಸಹಿ ಹಾಕಿದೆ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇದೇ ಮೊದಲು. ಸಂಜೆಯೊಳಗೆ ಮೂರು ಮಾತು ಕಿವಿಗೆ ಬಿದ್ದವು. ಒಬ್ಬರು, "ದೇವರ ಕೆಲಸಕ್ಕೆ ಇಲ್ಲ ಅನ್ನಬಾರದು ಕಣ್ರೀ" ಅಂದರು. ಇನ್ನೊಬ್ಬರು, "ಹಬ್ಬದಲ್ಲೂ ಜಾತಿ ತರ್ತೀರಲ್ಲ" ಅಂದರು. ಮೂರನೆಯವರು ನನ್ನ ಮುಖಕ್ಕೆ ಹೇಳಲಿಲ್ಲ, ಕಾರಿಡಾರ್‌ನಲ್ಲಿ ಹೇಳಿದರು: "ರಿಸರ್ವೇಷನ್ ಮಾತ್ರ ಬೇಕು, ಹಬ್ಬ ಬೇಡ್ವಾ ಇವರಿಗೆ?"

ಮೂರಕ್ಕೂ ಉತ್ತರ ಕೊಡ್ತೀನಿ. ಅದಕ್ಕೆ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು.

ನಮ್ಮಪ್ಪ ಚರ್ಮದ ಕೆಲಸ ಮಾಡೋರು. ಉಳಿ, ರಂಪಿಗೆ, ಒಂದು ಅಡಿಗಲ್ಲು, ಇಷ್ಟೇ ಆಸ್ತಿ. ಊರ ಗೌಡರ ಮನೆಗೆ ಮಿಣಿ, ಬಾರುಕೋಲು, ಮೆಟ್ಟು ಎಲ್ಲ ಅವರೇ ಮಾಡಿಕೊಡಬೇಕು. ಆಯುಧಪೂಜೆ ದಿನ ಗೌಡರ ಅಂಗಳದಲ್ಲಿ ನೇಗಿಲು, ನೊಗ, ಕುಡುಗೋಲು ತೊಳೆದು ಸಾಲಾಗಿ ಇಡೋರು. ನೊಗಕ್ಕೆ ಕಟ್ಟಿದ ಮಿಣಿ ಅಪ್ಪನ ಕೈದು. ಆ ಮಿಣಿಗೆ ಅರಿಶಿನ, ಕುಂಕುಮ, ಚೆಂಡುಹೂವು. ಅದನ್ನು ಹೊಸೆದ ಮನುಷ್ಯ ಮಾತ್ರ ಅಂಗಳದ ಆಚೆ, ತಿಪ್ಪೆ ಪಕ್ಕ ಟವೆಲ್ ಒಡ್ಡಿಕೊಂಡು ನಿಂತಿರೋರು. ಮೇಲಿಂದ ಒಂದು ಹೋಳು ಕಾಯಿ, ಎರಡು ಹಿಡಿ ಕಡ್ಲೆಪುರಿ ಬೀಳೋದು. ನಾನು ಅಪ್ಪನ ಪಂಚೆ ಹಿಡಕೊಂಡು ಪಕ್ಕದಲ್ಲೇ ಇರ್ತಿದ್ದೆ. ಕಡ್ಲೆಪುರಿ ಸಿಕ್ಕಿತಲ್ಲ ಅಂತ ನನಗೆ ಖುಷಿ. ಸತ್ತ ದನದ ಚರ್ಮಕ್ಕೆ ಪೂಜೆ, ಬದುಕಿರುವ ಮನುಷ್ಯನಿಗೆ ದೂರ. ಈ ಲೆಕ್ಕ ಅರ್ಥ ಆಗೋಕೆ ನನಗೆ ಇನ್ನೂ ಹತ್ತು ವರ್ಷ ಬೇಕಾಯ್ತು.

"ಅದೆಲ್ಲ ಹಳೇ ಕಾಲ, ಈಗ ಎಲ್ಲಿದೆ?" ಅಂತ ಕೇಳ್ತೀರಿ. ಸರಿ, ಹೋದ ವರ್ಷದ್ದೇ ಹೇಳ್ತೀನಿ.

ರಜೆಯ ಹಿಂದಿನ ದಿನ ಆಫೀಸಿನಲ್ಲಿ ಪೂಜೆ ಇತ್ತು. ಅಕ್ಕ ಬೆಳಿಗ್ಗೆ ಆರು ಗಂಟೆಗೆ ಬಂದು ನೆಲ ತೊಳೆದಿದ್ದರು. ಹತ್ತು ಗಂಟೆಗೆ ಕಂಪ್ಯೂಟರ್, ಪ್ರಿಂಟರ್, ಬೀರು, ಜೀಪು, ರಬ್ಬರ್ ಸ್ಟ್ಯಾಂಪು, ಯಾರೂ ಮುಟ್ಟದ ಹಳೇ ಟೈಪ್‌ರೈಟರು, ಎಲ್ಲಕ್ಕೂ ವಿಭೂತಿ ಪಟ್ಟೆ ಬಿತ್ತು. ಆಗ ಒಬ್ಬರಿಗೆ ಮೂಲೆಯಲ್ಲಿದ್ದ ಪೊರಕೆ, ಬಕೆಟ್ಟು ಕಣ್ಣಿಗೆ ಬಿತ್ತು. "ಶುಭದ ಹೊತ್ತಲ್ಲಿ ಇದೇನಿಲ್ಲಿ? ಟಾಯ್ಲೆಟ್ ಹಿಂದೆ ಇಡು" ಅಂದರು. ಅಕ್ಕ ಎತ್ತಿಕೊಂಡು ಹೋದರು. ವಾಪಸ್ ಬರುವಾಗ, "ನೀನು ಈಗ ಬೇಡಮ್ಮ, ಕುಂಬಳಕಾಯಿ ಒಡೆದ ಮೇಲೆ ಬಾ, ಕ್ಲೀನ್ ಮಾಡೋದಿರುತ್ತೆ" ಅಂದರು. ಮಂಗಳಾರತಿ ಆಯ್ತು. ಎಲ್ಲರಿಗೂ ಅಡಿಕೆ ತಟ್ಟೆಯಲ್ಲಿ ಪ್ರಸಾದ. ಅಕ್ಕನಿಗೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಮೆಟ್ಟಿಲ ಮೇಲೆ ಇಟ್ಟರು.

ನಾನು ಅಲ್ಲೇ ಇದ್ದೆ. ನನ್ನ ಕೈಯಲ್ಲೂ ಅಡಿಕೆ ತಟ್ಟೆ ಇತ್ತು. ಬಾಯಿ ಬಿಡಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಬೇರೆಯವರ ಬಗ್ಗೆ ಬರೆಯೋ ಯೋಗ್ಯತೆ ನನಗಿಲ್ಲ. ವೇದಿಕೆ ಮೇಲೆ ಬಾಬಾಸಾಹೇಬರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು, ಕಡ್ಲೆಪುರಿ ಮುಂದೆ ಮತ್ತೆ ಆ ಅಂಗಳದ ಹುಡುಗ ಆಗಿಬಿಟ್ಟೆ.

ಈಗ ಹಬ್ಬದ ಕಥೆಗೆ ಬರೋಣ. ಆಯುಧಪೂಜೆ ಅಂದ ಕೂಡಲೇ ಬನ್ನಿಮರದ ಕಥೆ ಹೇಳ್ತಾರೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಮರದ ಮೇಲೆ ಬಚ್ಚಿಟ್ಟರು, ಆಮೇಲೆ ಅರ್ಜುನ ತೆಗೆದು ಯುದ್ಧ ಗೆದ್ದ, ಅದಕ್ಕೇ ನಾವು ಬನ್ನಿ ಹಂಚಿ 'ಬಂಗಾರದಂತಿರೋಣ' ಅಂತೀವಿ. ಕಥೆ ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ಮಧ್ಯದ ಒಂದು ಸಂಗತಿ ಯಾರೂ ಹೇಳಲ್ಲ.

ಮಳೆ ಕೈಕೊಟ್ಟ ವರ್ಷ ನಮ್ಮೂರಲ್ಲಿ ವಿರಾಟಪರ್ವ ಓದಿಸೋರು. ಅಪ್ಪ ಗುಡಿಯ ಆಚೆ ಬೇವಿನಮರದ ಬುಡದಲ್ಲಿ ಕೂತು ಕೇಳಿಸಿಕೊಂಡು ಬಂದು ರಾತ್ರಿ ನಮಗೆ ಹೇಳೋರು. ಬಿ.ಎ. ಓದುವಾಗ ಲೈಬ್ರರಿಯಲ್ಲಿ ವ್ಯಾಸಭಾರತದ ಅನುವಾದ ತೆಗೆದು ನೋಡಿದೆ. ಅಲ್ಲಿ ಸ್ಪಷ್ಟವಾಗಿದೆ. ಆ ಮರ ಇದ್ದದ್ದು ಸ್ಮಶಾನದ ಹತ್ತಿರ. ನಕುಲ ಮರ ಹತ್ತಿ ಬಿಲ್ಲುಗಳನ್ನು ಇಟ್ಟ ಮೇಲೆ ಪಾಂಡವರು ಆ ಮರಕ್ಕೆ ಒಂದು ಹೆಣ ಕಟ್ಟುತ್ತಾರೆ. ನಾತಕ್ಕೆ, ಮೈಲಿಗೆಗೆ ಹೆದರಿ ಯಾರೂ ಹತ್ತಿರ ಬರಬಾರದು ಅಂತ. ದಾರಿಯಲ್ಲಿ ಸಿಕ್ಕ ದನಗಾಹಿಗಳಿಗೆ, ಕುರಿಗಾಹಿಗಳಿಗೆ "ಇದು ನಮ್ಮ ತಾಯಿ, 180 ವರ್ಷದವಳು, ನಮ್ಮ ಕುಲದ ಪದ್ಧತಿ ಇದು" ಅಂತ ಸುಳ್ಳು ಹೇಳುತ್ತಾರೆ.

ಯೋಚನೆ ಮಾಡಿ. ಗಾಂಡೀವವನ್ನು ಅಷ್ಟು ದಿನ ಕಾದದ್ದು ಯಾವ ಬೀಗವೂ ಅಲ್ಲ, ಯಾವ ದೇವರೂ ಅಲ್ಲ. ಮೈಲಿಗೆಯ ಭಯ ಕಾದದ್ದು.

ಮುಂದೆ ಬೃಹನ್ನಳೆಯ ವೇಷದ ಅರ್ಜುನ ಉತ್ತರಕುಮಾರನಿಗೆ ಮರ ಹತ್ತು ಅನ್ನುತ್ತಾನೆ. ಉತ್ತರಕುಮಾರ ಹಿಂಜರಿಯುತ್ತಾನೆ. ಅಲ್ಲಿ ಹೆಣ ಇದೆಯಂತೆ, ರಾಜಪುತ್ರನಾದ ನಾನು ಮುಟ್ಟೋದು ಹೇಗೆ, ಮುಟ್ಟಿದರೆ ಹೆಣ ಹೊರುವವನ ಹಾಗೆ ಅಶುಚಿ ಆಗಿಬಿಡ್ತೀನಲ್ಲ ಅನ್ನೋದು ಅವನ ವಾದ. ಅರ್ಜುನ ಏನು ಹೇಳಬಹುದಿತ್ತು? 'ಹೆಣ ಹೊರುವವನೂ ಮನುಷ್ಯನೇ ಕಣಪ್ಪ' ಅನ್ನಬಹುದಿತ್ತು. ಅನ್ನಲಿಲ್ಲ. ಅವು ಬಿಲ್ಲುಗಳು, ಹೆಣ ಅಲ್ಲ, ರಾಜವಂಶದಲ್ಲಿ ಹುಟ್ಟಿದ ನಿನ್ನಿಂದ ಅಂಥ ಹೀನ ಕೆಲಸ ನಾನು ಮಾಡಿಸ್ತೀನಾ ಅಂತ ಸಮಾಧಾನ ಮಾಡುತ್ತಾನೆ. ಅಲ್ಲಿಗೆ ಇಬ್ಬರೂ ಒಪ್ಪಿಕೊಂಡ ಹಾಗಾಯ್ತು, ಹೆಣ ಹೊರುವವನು ಅಶುಚಿ ಅಂತ.

ಆ ಹೆಣ ಹೊರುವವನಿಗೆ ಕಥೆಯಲ್ಲಿ ಹೆಸರಿಲ್ಲ. ನನಗೆ ಗೊತ್ತು ಅವನು ಯಾರು ಅಂತ. ಅವನು ನಮ್ಮ ತಾತ.

ಅದಕ್ಕೇ ಹೇಳ್ತಿರೋದು, ನಮ್ಮ ಆಫೀಸಿನಲ್ಲಿ ಪೊರಕೆಯನ್ನು ಟಾಯ್ಲೆಟ್ ಹಿಂದೆ ಕಳಿಸಿದ್ದು ಒಬ್ಬ ಮನುಷ್ಯನ ಕೆಟ್ಟ ಬುದ್ಧಿ ಅಂತ ತಳ್ಳಿಹಾಕಬೇಡಿ. ಯಾವ ಆಯುಧ ಪೂಜೆಗೆ, ಯಾವುದು ಹೊಲಸಿಗೆ ಅನ್ನೋ ವಿಂಗಡಣೆ ಕಥೆಯೊಳಗೇ ಇದೆ. 'ಹಬ್ಬದಲ್ಲೂ ಜಾತಿ ತರ್ತೀರಲ್ಲ' ಅಂದವರಿಗೆ ನನ್ನ ಉತ್ತರ ಇಷ್ಟೇ: ಸ್ವಾಮಿ, ನಾನು ತಂದದ್ದಲ್ಲ. ನಾನು ಬರುವ ಮೊದಲೇ ಅದು ಒಳಗೆ ಕೂತಿತ್ತು. ನಾನು ಲೈಟ್ ಹಾಕಿದೆ ಅಷ್ಟೇ.

ದುಡಿಮೆಯ ಸಲಕರಣೆಗೆ ಕೃತಜ್ಞತೆ ಹೇಳುವ ಹಬ್ಬ ಅಂತೀರಿ. ಒಳ್ಳೆಯ ಮಾತು. ಹಾಗಾದರೆ ಈ ದೇಶದಲ್ಲಿ ಅತಿ ಹೆಚ್ಚು ಜನರ ಆರೋಗ್ಯ ಕಾದ ಸಲಕರಣೆ ಯಾವುದು? ಪೊರಕೆ ತಾನೆ? ಹಬ್ಬದ ಮಾರನೆಯ ದಿನ ಬೆಂಗಳೂರು, ಮೈಸೂರು, ತುಮಕೂರಿನ ರಸ್ತೆ ನೋಡಿ. ಒಡೆದ ಬೂದುಗುಂಬಳಕಾಯಿ, ಬಾಳೆಕಂದು, ಕೊಳೆತ ಹೂವು. ಬೈಕಿನವರು ಜಾರಿ ಬೀಳ್ತಾರೆ. ದೃಷ್ಟಿ ತೆಗೆದದ್ದು ನಿಮ್ಮ ಕಾರಿಗೆ, ಎತ್ತಿ ಹಾಕಬೇಕಾದ್ದು ಪೌರಕಾರ್ಮಿಕರು. ಅವರಿಗೆ ಹಬ್ಬ ಇಲ್ಲವಾ?

ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ 70ರ ದಶಕದಲ್ಲೇ ನಿಲ್ಲಿಸಲು ಹೊರಟವರು ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. 2010ರಲ್ಲಿ ಸವಣೂರಿನಲ್ಲಿ ನಮ್ಮ ಜನ ಮೈಮೇಲೆ ಮಲ ಸುರಿದುಕೊಂಡು ಪುರಸಭೆ ಮುಂದೆ ನಿಲ್ಲಬೇಕಾಯ್ತು. 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಇವತ್ತಿಗೂ ಮ್ಯಾನ್‌ಹೋಲ್ ಸಾವಿನ ಸುದ್ದಿ ನಿಂತಿಲ್ಲ. ಜೆಟ್ಟಿಂಗ್ ಮಷೀನಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ತಾರೆ, ಗುಂಡಿಗೆ ಮನುಷ್ಯನನ್ನೇ ಇಳಿಸ್ತಾರೆ. ಯಂತ್ರಕ್ಕೆ ಕೊಟ್ಟ ಮರ್ಯಾದೆಯಲ್ಲಿ ಕಾಲು ಭಾಗ ಆ ಮನುಷ್ಯನಿಗೆ ಸಿಕ್ಕಿದ್ದರೆ ಸಾಕಿತ್ತು.

ದುಡಿಮೆಯ ಸಲಕರಣೆಗೆ ನಿಜವಾದ ಗೌರವ ಕೊಟ್ಟವರು ನಮ್ಮಲ್ಲೇ ಇದ್ದಾರೆ. ಮಾದಾರ ಚೆನ್ನಯ್ಯ ತನ್ನ ವಚನದ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗುಂಟ ಇಟ್ಟುಕೊಂಡ. ಅರಿಶಿನ ಕುಂಕುಮ ಹಚ್ಚಲಿಲ್ಲ, ತನ್ನ ಹೆಸರಿನ ಜಾಗದಲ್ಲಿ ಕೂರಿಸಿದ. ಅದಲ್ವಾ ಆಯುಧಪೂಜೆ?

ಇನ್ನು 'ರಿಸರ್ವೇಷನ್ ಬೇಕು, ಹಬ್ಬ ಬೇಡ್ವಾ' ಅಂದವರಿಗೆ. ರಿಸರ್ವೇಷನ್ ಕೊಟ್ಟದ್ದು ಸಂವಿಧಾನ, ಚಾಮುಂಡಿ ಅಲ್ಲ. ಅದೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ನಾವು ಕೂತಿರೋದು ಸರ್ಕಾರಿ ಕಟ್ಟಡದಲ್ಲಿ. ನೀವು ನಿಮ್ಮ ಮನೇಲಿ ಒಂಬತ್ತು ದಿನ ಗೊಂಬೆ ಕೂರಿಸಿ, ಕರೆದರೆ ನಾನೂ ಬಂದು ಊಟ ಮಾಡ್ತೀನಿ. ಆದರೆ ಸಂಬಳ ಇಲ್ಲದ ಹೆಂಗಸಿನ ಹತ್ತಿರ 200 ರೂಪಾಯಿ ಕಿತ್ತು, ಆಕೆಯನ್ನೇ ಹೊರಗೆ ನಿಲ್ಲಿಸುವ ಪೂಜೆಗೆ 'ದೇವರ ಕೆಲಸ' ಅನ್ನಬೇಡಿ. ದೇವರಿಗೆ ಅವಮಾನ.

ನಮಗೆ ಹಬ್ಬ ಇಲ್ಲ ಅಂತ ಯಾರು ಹೇಳಿದ್ದು? 1956ರ ಅಕ್ಟೋಬರ್ 14, ವಿಜಯದಶಮಿ. ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮಕ್ಕೆ ಬಂದ ದಿನ. ಅದನ್ನು ಅಶೋಕ ವಿಜಯದಶಮಿ ಅಂತ ಕರೀತೀವಿ. ನೀವು ಆಯುಧ ಕೈಗೆ ತಗೊಂಡ ನೆನಪು ಮಾಡಿಕೊಳ್ಳೋ ದಿನ, ನಾವು ಆಯುಧ ಇಲ್ಲದೆ ಗೆದ್ದದ್ದರ ನೆನಪು ಮಾಡಿಕೊಳ್ತೀವಿ.

ನಮ್ಮ ಹುಡುಗರಿಗೂ ಎರಡು ಮಾತು. ಕೇರಿಯಲ್ಲಿ ಬೈಕಿಗೆ ಬಾಳೆಕಂದು ಕಟ್ಟಿ ಸಡಗರ ಮಾಡ್ತೀರಿ. ಸಿಟ್ಟಿಲ್ಲ. ಟವೆಲ್ ಒಡ್ಡಿ ನಿಂತವರ ಮೊಮ್ಮಕ್ಕಳು ಸ್ವಂತ ಬೈಕ್ ತಗೊಂಡಿದ್ದೀರಿ, ಖುಷಿ ಪಡಿ. ಆದರೆ ಆ ಬೈಕ್ ಬಂದದ್ದು ಬನ್ನಿಮರದಿಂದ ಅಲ್ಲ, ಓದಿನಿಂದ, ದುಡಿಮೆಯಿಂದ. ನನ್ನ ಮಗನೂ ಕೇಳಿದ, "ಅಪ್ಪ, ಸೈಕಲ್‌ಗೆ ಪೂಜೆ ಮಾಡೋಣ್ವಾ?" ಇಬ್ಬರೂ ಕೂತು ಸೈಕಲ್ ತೊಳೆದೆವು, ಚೈನಿಗೆ ಎಣ್ಣೆ ಬಿಟ್ಟೆವು, ಬ್ರೇಕ್ ಟೈಟ್ ಮಾಡಿದೆವು. ಆಮೇಲೆ ಅವನ ಅಜ್ಜನ ಉಳಿ ತೆಗೆದು ತೋರಿಸಿದೆ. ಅದರ ಹಿಡಿ ಅಪ್ಪನ ಬೆರಳಿನ ಗುರುತಿಗೆ ಸವೆದಿದೆ. ಮಗ ತುಂಬ ಹೊತ್ತು ಕೈಯಲ್ಲೇ ಹಿಡಕೊಂಡಿದ್ದ.

ಚಂದಾ ಕೊಡದ 500 ರೂಪಾಯಿಗೆ ಅಕ್ಕನಿಗೆ ರಬ್ಬರ್ ಗ್ಲೌಸ್, ಬೂಟು ತರೋಣ ಅಂದುಕೊಂಡೆ. ಕೇಳಿದಾಗ ಆಕೆ ನನ್ನ ಕಪಾಳಕ್ಕೆ ಹೊಡೆದ ಹಾಗೆ ಹೇಳಿದರು: "ಗ್ಲೌಸ್ ಅವರು ಕೊಡಬೇಕಾದ್ದು ಅಣ್ಣ, ನೀವ್ಯಾಕೆ ಕೊಡ್ತೀರಾ? ನನ್ನ ಸಂಬಳ ಕೇಳಿ."

ಸರಿ ತಾನೆ? ನಾನು ಗುಮಾಸ್ತ, ನನ್ನ ಆಯುಧ ಪೆನ್ನು. ಈ ವರ್ಷ ಅದಕ್ಕೆ ಕುಂಕುಮ ಹಚ್ಚಲಿಲ್ಲ, ಅದರಿಂದ ಅರ್ಜಿ ಬರೆದೆ. ಎರಡು ತಿಂಗಳ ಬಾಕಿ ಸಂಬಳ, ಗ್ಲೌಸು, ಬೂಟು, ಚಂದಾ ಪಟ್ಟಿಯಿಂದ ಆಕೆಯ ಹೆಸರು ತೆಗೆಯೋದು, ಕುಂಬಳಕಾಯಿ ಒಡೆದವರೇ ಎತ್ತಿ ಹಾಕೋದು. ಐದು ಬೇಡಿಕೆ. ನಾಲ್ಕು ಜನ ಸಹಿ ಹಾಕಿದ್ದಾರೆ. ಅದರಲ್ಲಿ ಒಬ್ಬರು ಪ್ರತಿ ವರ್ಷ ಪೂಜೆಗೆ ಮುಂದೆ ನಿಲ್ಲೋರೇ. ಅವರಿಗೆ ನನ್ನ ನಮಸ್ಕಾರ.

ನಿಮ್ಮ ಆಫೀಸಿನಲ್ಲೂ ಪೂಜೆ ಇರುತ್ತೆ. ಮಂಗಳಾರತಿ ಹೊತ್ತಿಗೆ ಒಂದು ಸಲ ಹಿಂದೆ ತಿರುಗಿ ನೋಡಿ, ಬೆಳಿಗ್ಗೆ ನೆಲ ತೊಳೆದವರು ಎಲ್ಲಿ ನಿಂತಿದ್ದಾರೆ ಅಂತ. ಬಾಗಿಲ ಆಚೆ ನಿಂತಿದ್ದರೆ ತಟ್ಟೆ ಕೆಳಗಿಟ್ಟು ಅವರ ಪಕ್ಕ ಹೋಗಿ ನಿಲ್ಲಿ. ಹೋದ ವರ್ಷ ನಾನು ಮಾಡದ ಕೆಲಸ ಅದು.

ಜೈ ಭೀಮ್.